ಹಳೇ ರೆಕಾರ್ಡ್ ಪ್ಲೇಯರ್ ಮನೆಗೆ ತಂದಿದ್ದೀರಾ? ಮುಳ್ಳು ಇಳಿಸುವ ಮುಂಚೆ ಇಷ್ಟು ನೋಡಿ

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಹಿತ್ತಾಳೆ ಹಂಡೆ, ಕಬ್ಬಿಣದ ಟ್ರಂಕು ಎಲ್ಲ ಇಳಿದ ಮೇಲೆ ಕೊನೆಗೆ ಒಂದು ರೆಕಾರ್ಡ್ ಪ್ಲೇಯರೂ ಇಳಿಯುತ್ತದೆ, ಜೊತೆಗೆ ಹಳೇ ಪೇಪರಿನಲ್ಲಿ ಸುತ್ತಿಟ್ಟ ರೆಕಾರ್ಡುಗಳ ಒಂದು ಕಟ್ಟು. ಅಟ್ಟ ಇಲ್ಲದವರು ಚಿಕ್ಕಪೇಟೆ ಕಡೆಯ ಸಂಡೆ ಬಜಾರಿನಲ್ಲೋ, ಫೋನಿನಲ್ಲೋ ಹುಡುಕಿ ಕೊಳ್ಳುತ್ತಿದ್ದಾರೆ. ಅಮೆರಿಕದಿಂದ ವಾಪಸ್ ಬರುವ ಭಾವಮೈದ ಸೂಟ್‌ಕೇಸಿನಲ್ಲಿ ಹೊತ್ತು ತರುವುದೂ ಉಂಟು.

ತಂದಾಯಿತು. ಪ್ಲಗ್ ಹಾಕಿದ್ದಾಯಿತು. ತಟ್ಟೆ ತಿರುಗುತ್ತದೆ, ಆದರೆ ಹಾಡು ಕಿವಿ ಕೊಟ್ಟು ಕೇಳಬೇಕಾದಷ್ಟು ಸಣ್ಣಗೆ ಬರುತ್ತದೆ. ಇಲ್ಲವೇ ‘ಗುಂಯ್’ ಅನ್ನುವ ಸದ್ದು ಹಾಡಿಗಿಂತ ಜೋರಾಗಿರುತ್ತದೆ. ಇಲ್ಲವೇ ಪಿ.ಬಿ. ಶ್ರೀನಿವಾಸ್ ನಿದ್ದೆಗಣ್ಣಲ್ಲಿ ಹಾಡುತ್ತಾರೆ. ‘ಕೆಟ್ಟು ಹೋಗಿದೆ’ ಅಂತ ತೀರ್ಮಾನಿಸಿ ಮತ್ತೆ ಮೂಲೆಗೆ ಸೇರಿಸುತ್ತಾರೆ. ಎಷ್ಟೋ ಸಲ ಅದು ಕೆಟ್ಟಿರುವುದೇ ಇಲ್ಲ, ಜೋಡಣೆ ಸರಿ ಇರುವುದಿಲ್ಲ ಅಷ್ಟೆ. ಯಾವ ಕೆಲಸ ಯಾಕೆ ಮಾಡಬೇಕು ಅಂತ ಗೊತ್ತಿದ್ದರೆ ಮುಕ್ಕಾಲು ಪಾಲು ತೊಂದರೆ ಮನೆಯಲ್ಲೇ ಸರಿಯಾಗುತ್ತದೆ.

ತಟ್ಟೆಯ ಮೇಲೆ ಇರುವುದಾದರೂ ಏನು

ರೆಕಾರ್ಡಿನ ಒಂದು ಬದಿಯಲ್ಲಿ ಇರುವುದು ಒಂದೇ ಒಂದು ಗೆರೆ. ಹೊರಗಿನ ಅಂಚಿನಿಂದ ಶುರುವಾಗಿ, ಸುತ್ತುತ್ತಾ ಸುತ್ತುತ್ತಾ ಲೇಬಲ್ ತನಕ ಬರುತ್ತದೆ. 12 ಇಂಚಿನ ಎಲ್‌ಪಿ, ಅಂದರೆ ಲಾಂಗ್ ಪ್ಲೇ ರೆಕಾರ್ಡ್, ಒಂದು ಬದಿ ಸುಮಾರು 22 ನಿಮಿಷ ಓಡುತ್ತದೆ ಅಂದುಕೊಳ್ಳಿ. ನಿಮಿಷಕ್ಕೆ 33⅓ ಸುತ್ತಿನ ಲೆಕ್ಕದಲ್ಲಿ 730ಕ್ಕೂ ಹೆಚ್ಚು ಸುತ್ತು ಆಯಿತು. ಆ ಗೆರೆಯನ್ನು ಬಿಡಿಸಿ ನೇರವಾಗಿ ಎಳೆದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಉದ್ದ. ಅಗಲ ಮಾತ್ರ ಒಂದು ತಲೆಕೂದಲಿನ ದಪ್ಪದ ಆಸುಪಾಸು.

ಆ ಗೆರೆ ನೇರವಾಗಿಲ್ಲ, ಅಂಕುಡೊಂಕಾಗಿದೆ. ಆ ಅಂಕುಡೊಂಕೇ ಹಾಡು. ಮುಳ್ಳು ಗೆರೆಯೊಳಗೆ ಕೂತು ಹೋಗುವಾಗ ಅದರಂತೆ ಅಲುಗುತ್ತದೆ. ಸ್ಟೀರಿಯೊ ರೆಕಾರ್ಡುಗಳು 1950ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಗೆರೆಯ ಒಳಗಿನ ಗೋಡೆಯಲ್ಲಿ ಎಡಗಡೆ ಸ್ಪೀಕರಿನ ಸದ್ದು, ಹೊರಗಿನ ಗೋಡೆಯಲ್ಲಿ ಬಲಗಡೆಯದು. ಒಂದೇ ಮುಳ್ಳು ಎರಡನ್ನೂ ಒಟ್ಟಿಗೆ ಓದುತ್ತದೆ. ಕೆಲವು ಅಲುಗಾಟಗಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕವು.

ಮುಳ್ಳು ಇರುವ ಚಿಕ್ಕ ಡಬ್ಬಿಗೆ ಕಾರ್ಟ್ರಿಜ್ ಅಂತ ಹೆಸರು. ಈಗ ಹೆಚ್ಚಾಗಿ ಸಿಗುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಲ್ಲಿ ಮುಳ್ಳಿನ ಕಡ್ಡಿಯ ಹಿಂದಿನ ತುದಿಗೆ ಪುಟ್ಟ ಅಯಸ್ಕಾಂತ ಇರುತ್ತದೆ, ಅದರ ಸುತ್ತ ತಾಮ್ರದ ತಂತಿಯ ಸುರುಳಿಗಳು. ಮುಳ್ಳು ಅಲುಗಿದರೆ ಅಯಸ್ಕಾಂತ ಅಲುಗುತ್ತದೆ, ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಎಷ್ಟು? ಸಾಮಾನ್ಯವಾಗಿ 3ರಿಂದ 5 ಮಿಲಿವೋಲ್ಟ್. ಒಂದು ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್. ಅಂದರೆ ನಾನೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಇಲ್ಲೊಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದಿನದೆಲ್ಲ ಇದರಿಂದಲೇ ಬರುತ್ತದೆ. ಯಾವ ಅಲುಗಾಟ ಹಾಡು, ಯಾವುದು ಬೇರೆ ಗದ್ದಲ ಅಂತ ಮುಳ್ಳಿಗೆ ಗೊತ್ತಾಗುವುದಿಲ್ಲ. ಗೆರೆ ಅಲುಗಿಸಿದರೂ ಒಂದೇ, ಮೇಜು ಅಲುಗಿಸಿದರೂ ಒಂದೇ, ಧೂಳು ಅಲುಗಿಸಿದರೂ ಒಂದೇ. ಎಲ್ಲವೂ ಸ್ಪೀಕರಿಗೆ ಹೋಗುತ್ತದೆ, ನೂರಾರು ಪಟ್ಟು ದೊಡ್ಡದಾಗಿ.

ಕೊಳ್ಳುವಾಗ ಏನು ನೋಡಬೇಕು

ತಟ್ಟೆ ತಿರುಗಿಸುವ ಬಗೆ ಮೂರು. ಬೆಲ್ಟ್ ಡ್ರೈವ್‌ನಲ್ಲಿ ಮೋಟಾರು ಪಕ್ಕದಲ್ಲಿರುತ್ತದೆ, ರಬ್ಬರ್ ಬೆಲ್ಟ್ ತಟ್ಟೆಯನ್ನು ಎಳೆಯುತ್ತದೆ. ಡೈರೆಕ್ಟ್ ಡ್ರೈವ್‌ನಲ್ಲಿ ಮೋಟಾರಿನ ಮೇಲೇ ತಟ್ಟೆ ಕೂತಿರುತ್ತದೆ. ಟೆಕ್ನಿಕ್ಸ್ 1970ರಲ್ಲಿ ತಂದ ಎಸ್‌ಪಿ-10 ಈ ಬಗೆಯ ಮೊದಲನೆಯದು, ಡಿಜೆಗಳ ಕೈಯಲ್ಲಿ ಹೆಸರು ಮಾಡಿದ ಎಸ್‌ಎಲ್-1200 ಬಂದದ್ದು 1972ರಲ್ಲಿ. ಮೂರನೆಯದು ಐಡ್ಲರ್: ಮೋಟಾರಿಗೂ ತಟ್ಟೆಗೂ ನಡುವೆ ಒಂದು ರಬ್ಬರ್ ಚಕ್ರ. ಗ್ಯಾರಾರ್ಡ್, ಲೆಂಕೊ ಕಂಪನಿಗಳ ಹಳೇ ಪ್ಲೇಯರ್‌ಗಳಲ್ಲಿ ಇದನ್ನು ಕಾಣಬಹುದು.

ಹಳೇ ಮಾಲಿನಲ್ಲಿ ಮೊದಲು ಹಾಳಾಗುವುದೇ ರಬ್ಬರ್. ಬೆಲ್ಟ್ ಸಡಿಲವಾಗುತ್ತದೆ, ಇಲ್ಲವೇ ಕರಗಿ ಟಾರಿನ ಥರ ಅಂಟಿಕೊಂಡಿರುತ್ತದೆ. ಐಡ್ಲರ್ ಚಕ್ರ ಒಂದೇ ಕಡೆ ಒತ್ತಿಕೊಂಡು ವರ್ಷಗಟ್ಟಲೆ ಕೂತಿದ್ದರೆ ಅಲ್ಲಿ ಚಪ್ಪಟೆಯಾಗಿ, ಪ್ರತಿ ಸುತ್ತಿಗೂ ‘ಟಕ್ ಟಕ್’ ಅನ್ನುತ್ತದೆ. ಬೆಲ್ಟ್ ಬದಲಿಸುವುದು ಸುಲಭ. ಒಂದು ದಾರವನ್ನು ಬೆಲ್ಟ್ ಓಡುವ ದಾರಿಯಲ್ಲೇ ಸುತ್ತಿ ಅಳೆಯಿರಿ, ಆ ಅಳತೆಗಿಂತ ಸುಮಾರು ನೂರಕ್ಕೆ ಐದರಷ್ಟು ಚಿಕ್ಕ ಬೆಲ್ಟ್ ಹುಡುಕಿ. ಐಡ್ಲರ್ ಚಕ್ರ ಸಿಗುವುದು ಅಷ್ಟು ಸುಲಭವಲ್ಲ.

ಮಾರುವವರ ಮುಂದೆಯೇ ಮಾಡಬಹುದಾದ ಪರೀಕ್ಷೆ ಕೆಲವಿವೆ. ಪ್ಲಗ್ ಹಾಕದೆ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ, ಗರಗರ ಸದ್ದು ಬರಬಾರದು. ಟೋನ್‌ಆರ್ಮ್, ಅಂದರೆ ಮುಳ್ಳು ಹೊತ್ತ ಆ ಉದ್ದನೆಯ ಕೈಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಅಲುಗಿಸಿ. ಬುಡದಲ್ಲಿ ಲೊಡ ಲೊಡ ಅನ್ನಬಾರದು, ಎಲ್ಲೂ ಸಿಕ್ಕಿಕೊಳ್ಳದೆ ಆಚೀಚೆ ಹೋಗಬೇಕು. ಆರ್ಮಿನ ಹಿಂಬದಿಯ ತೂಕದ ಗುಂಡು ಇದೆಯೇ ನೋಡಿ. ಇದೊಂದು ಇಲ್ಲ ಅಂದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಬಿಟ್ಟು ಬನ್ನಿ, ಅದಕ್ಕೆ ಹೊಂದುವ ಗುಂಡು ಹುಡುಕುವ ತಲೆನೋವು ಯಾರಿಗೂ ಬೇಡ.

ಮುಳ್ಳು ಚೆನ್ನಾಗಿದೆ ಅಂತ ಮಾರುವವರು ಹೇಳುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ವಜ್ರದ ಮುಳ್ಳಾದರೂ ಐನೂರರಿಂದ ಸಾವಿರ ಗಂಟೆ ಓಡಿದ ಮೇಲೆ ಸವೆದಿರುತ್ತದೆ, ಅದು ಬರಿಗಣ್ಣಿಗೆ ಕಾಣುವುದಿಲ್ಲ. ಸವೆದ ಮುಳ್ಳು ಗೆರೆಯ ಗೋಡೆಗಳನ್ನು ಕೆರೆದು ಹಾಕುತ್ತದೆ. ಹಾಗಾಗಿ ಹೊಸ ಮುಳ್ಳಿನ ಖರ್ಚನ್ನು ಸೇರಿಸಿಯೇ ಬೆಲೆ ಮಾತಾಡಿ. ನನ್ನ ಲೆಕ್ಕದಲ್ಲಿ ದೊಡ್ಡ ಹೆಸರಿನ ಪ್ಲೇಯರಿಗೆ ಸವೆದ ಮುಳ್ಳು ಇರುವುದಕ್ಕಿಂತ ಸಾಧಾರಣ ಪ್ಲೇಯರಿಗೆ ಹೊಸ ಮುಳ್ಳು ಎಷ್ಟೋ ವಾಸಿ.

ನಮ್ಮಲ್ಲಿ ಮನೆಮನೆಗೂ ಬಂದ ಎಚ್‌ಎಂವಿ ಫಿಯೆಸ್ಟಾ ಥರದ ಪೆಟ್ಟಿಗೆ ಪ್ಲೇಯರ್‌ಗಳದ್ದು ಬೇರೆ ಕತೆ. ಅವುಗಳಲ್ಲಿ ಇರುತ್ತಿದ್ದದ್ದು ಸೆರಾಮಿಕ್ ಕಾರ್ಟ್ರಿಜ್. ಅದು ಜಾಸ್ತಿ ಕರೆಂಟು ಕೊಡುತ್ತದೆ, ಆಂಪ್ಲಿಫೈಯರ್ ಸರಳವಾಗಿದ್ದರೆ ಸಾಕು, ಹಾಗಾಗಿಯೇ ಅಗ್ಗವಾಗಿತ್ತು. ಆದರೆ ಮುಳ್ಳು ಭಾರವಾಗಿ ಒತ್ತುತ್ತದೆ. ನೆನಪಿಗೆ ಅಂತ ಓಡಿಸಿ, ಸಂತೋಷ ಪಡಿ. ನಿಮ್ಮಲ್ಲಿರುವ ಒಳ್ಳೇ ರೆಕಾರ್ಡುಗಳನ್ನು ದಿನಾ ಅದರಲ್ಲಿ ಹಾಕಬೇಡಿ.

ವೋಲ್ಟೇಜ್ ಸರಿ, ಹರ್ಟ್ಸ್ ನೋಡಿದಿರಾ?

ವಿದೇಶದಿಂದ ಬಂದ ಪ್ಲೇಯರುಗಳಲ್ಲಿ ಜನ ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿ. ನಮ್ಮ ಮನೆಗೆ ಬೆಸ್ಕಾಂ ಕೊಡುವುದು 230 ವೋಲ್ಟ್, 50 ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್, ಆದರೆ ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಒಂದೇ ದೇಶದಲ್ಲಿ ಎರಡು! ಪ್ಲೇಯರಿನ ಹಿಂದೆ ಅಥವಾ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಅದನ್ನು ಓದದೆ ಪ್ಲಗ್ ಮುಟ್ಟಬೇಡಿ. 100 ವೋಲ್ಟಿನ ಮಾಲನ್ನು ನೇರವಾಗಿ ನಮ್ಮ ಸಾಕೆಟ್ಟಿಗೆ ಹಾಕಿದರೆ ಸುಟ್ಟ ವಾಸನೆ ಬರುವುದಕ್ಕೆ ಹೆಚ್ಚು ಹೊತ್ತು ಬೇಡ.

ವೋಲ್ಟೇಜ್ ಇಳಿಸಲು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಜಪಾನಿನ ಮಾಲಿಗೆ 110 ವೋಲ್ಟಿನದನ್ನು ಕೊಟ್ಟು ‘ನಡೆಯುತ್ತೆ ಸಾರ್’ ಅಂದರೆ ಒಪ್ಪಬೇಡಿ, 100 ವೋಲ್ಟಿನದೇ ಬೇಕು ಅನ್ನಿ.

ಆದರೆ ಟ್ರಾನ್ಸ್‌ಫಾರ್ಮರ್ ಇಳಿಸುವುದು ವೋಲ್ಟೇಜನ್ನು ಮಾತ್ರ. ಹರ್ಟ್ಸ್ ಇದ್ದಷ್ಟೇ ಇರುತ್ತದೆ. ಹಳೇ ಬೆಲ್ಟ್ ಡ್ರೈವ್ ಪ್ಲೇಯರ್‌ಗಳ ಎಸಿ ಮೋಟಾರು ಹರ್ಟ್ಸ್ ಎಷ್ಟಿದೆಯೋ ಅದಕ್ಕೆ ತಕ್ಕ ವೇಗದಲ್ಲೇ ತಿರುಗುವಂಥದ್ದು. 60ಕ್ಕೆ ಮಾಡಿದ ಅಮೆರಿಕದ ಪ್ಲೇಯರನ್ನು ಇಲ್ಲಿ 50ರಲ್ಲಿ ಓಡಿಸಿದರೆ 33⅓ರ ಬದಲು ಸುಮಾರು 27.8 ಸುತ್ತು ಆಗುತ್ತದೆ. ಕಿವಿಗೆ ಇದು ಚಿಕ್ಕ ವ್ಯತ್ಯಾಸವಲ್ಲ. ಐದು ಮನೆ ಶ್ರುತಿಯಲ್ಲಿ ಹಾಡಿದವರು ಮೂರು ಮನೆಗೆ ಇಳಿದಿರುತ್ತಾರೆ, ತಾಳವೂ ಎಳೆದಾಡುತ್ತದೆ. ಇದಕ್ಕೆ ಪರಿಹಾರ ಮೋಟಾರಿನ ತುದಿಯ ಪುಲ್ಲಿಯನ್ನು 50 ಹರ್ಟ್ಸಿನದಕ್ಕೆ ಬದಲಿಸುವುದು. ಕೆಲವು ಮಾದರಿಗಳಿಗೆ ಸಿಗುತ್ತದೆ, ಕೆಲವಕ್ಕೆ ಇಲ್ಲ. ಡಿಸಿ ಮೋಟಾರು ಇರುವವು ಮತ್ತು ಕ್ವಾರ್ಟ್ಜ್ ಅಂತ ಬರೆದಿರುವ ಡೈರೆಕ್ಟ್ ಡ್ರೈವ್‌ಗಳಿಗೆ ಹರ್ಟ್ಸಿನ ಕಾಟ ಇಲ್ಲ, ವೋಲ್ಟೇಜ್ ಒಂದು ಹೊಂದಿಸಿದರೆ ಸಾಕು.

ವೇಗ ಸರಿಯಿದೆಯೇ ಅಂತ ನೋಡಲು ಫೋನಿನಲ್ಲಿ ಆ್ಯಪ್ ಸಿಗುತ್ತದೆ. ಫೋನನ್ನು ತಟ್ಟೆಯ ಮೇಲೆ ಇಟ್ಟರೆ ಅದರೊಳಗಿನ ಜೈರೊಸ್ಕೋಪ್ ಸುತ್ತು ಎಣಿಸುತ್ತದೆ. (ಮುಳ್ಳು ಸ್ಟ್ಯಾಂಡಿನಲ್ಲಿ ಇರಲಿ, ದಯವಿಟ್ಟು.) ಹಿಂದೆ ಇದಕ್ಕೆ ಸ್ಟ್ರೋಬ್ ಚುಕ್ಕಿಗಳನ್ನು ಬಳಸುತ್ತಿದ್ದರು. 50 ಹರ್ಟ್ಸಿನ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ವೇಗ ಸರಿ ಇದ್ದರೆ ತಟ್ಟೆಯ ಸುತ್ತ ಬರೆದಿರುವ 180 ಚುಕ್ಕಿಗಳು ನಿಂತಲ್ಲೇ ನಿಂತಂತೆ ಕಾಣುತ್ತವೆ. ಈಗಿನ ಎಷ್ಟೋ ಎಲ್‌ಇಡಿ ಬಲ್ಬುಗಳು ಹಾಗೆ ಮಿನುಗುವುದಿಲ್ಲ, ಅವುಗಳ ಬೆಳಕಿನಲ್ಲಿ ಚುಕ್ಕಿಗಳು ಬರೀ ಕಲಸಿ ಕಾಣುತ್ತವೆ. ಅದಕ್ಕೆ ಪ್ಲೇಯರನ್ನು ಬೈಯಬೇಡಿ.

ಕರೆಂಟು ಹೋದಾಗಿನ ಮಾತು ಒಂದಿದೆ. ಅಗ್ಗದ ಯುಪಿಎಸ್‌ಗಳು ಕೊಡುವ ಸ್ಕ್ವೇರ್ ವೇವ್ ಕರೆಂಟಿನಲ್ಲಿ ಎಸಿ ಮೋಟಾರು ಗುರುಗುಟ್ಟುತ್ತದೆ, ಬಿಸಿಯೂ ಆಗುತ್ತದೆ. ಕರೆಂಟು ಬರುವ ತನಕ ಕಾಯುವುದು ಒಳ್ಳೆಯದು.

ಬೇರಿಂಗಿಗೆ ಎಣ್ಣೆ ಬಿಡಬೇಕಾದರೆ ಹೊಲಿಗೆ ಮಿಷನ್ ಎಣ್ಣೆ ಒಂದೆರಡು ಹನಿ ಸಾಕು. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಬಿಡಬೇಡಿ, ಬೆಂಗಳೂರಿನ ಡಿಸೆಂಬರಿನಲ್ಲಿ ಅದು ಗಟ್ಟಿಯಾಗಿ ಕೂರುತ್ತದೆ. ತುಂಬ ವರ್ಷ ಓಡದೆ ಬಿದ್ದಿದ್ದ ಪ್ಲೇಯರಾದರೆ ರೇಡಿಯೊ ರಿಪೇರಿಯವರ ಹತ್ತಿರ ಒಮ್ಮೆ ಬಿಚ್ಚಿಸಿ ನೋಡಿಸಿ. ಮೇನ್ಸ್ ಕಡೆಯ ಹಳೇ ಕೆಪ್ಯಾಸಿಟರ್ ಒಡೆದು ಹೊಗೆ ಬರುವುದುಂಟು.

ಎಲ್ಲಿ ಇಡುವುದು

ಮುಳ್ಳಿಗೆ ಭೇದಭಾವ ಇಲ್ಲ ಅಂದೆನಲ್ಲ, ಹಾಗಾಗಿ ಜಾಗ ಮುಖ್ಯ. ಗಟ್ಟಿಯಾದ, ಅಲ್ಲಾಡದ ಮೇಜು ಬೇಕು. ಸ್ಪೀಕರನ್ನು ಅದೇ ಮೇಜಿನ ಮೇಲೆ ಇಡಬೇಡಿ. ಇಟ್ಟರೆ ಸ್ಪೀಕರಿನ ಅದುರು ಮೇಜಿಗೆ, ಮೇಜಿನಿಂದ ಮುಳ್ಳಿಗೆ, ಮುಳ್ಳಿನಿಂದ ಮತ್ತೆ ಸ್ಪೀಕರಿಗೆ ಹೋಗಿ, ವಾಲ್ಯೂಮ್ ಏರಿಸಿದಂತೆ ‘ಭೊಂ’ ಅಂತ ಊಳಿಡಲು ಶುರು ಮಾಡುತ್ತದೆ.

ನಮ್ಮ ಮನೆಗಳಿಗೆ ಒಂದು ಅನುಕೂಲ ಇದೆ: ಕಾಂಕ್ರೀಟು ನೆಲ. ಹಲಗೆ ನೆಲದ ಮನೆಗಳಲ್ಲಿ ಯಾರಾದರೂ ನಡೆದರೆ ಮುಳ್ಳು ಹಾರುತ್ತದೆ, ಇಲ್ಲಿ ಆ ತೊಂದರೆ ಕಡಿಮೆ. ಮೇಜು ಹಗುರ ಅನ್ನಿಸಿದರೆ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಕಡಪ ಕಲ್ಲಿನ ತುಂಡನ್ನು ಮೇಜಿನ ಮೇಲೆ ಇಟ್ಟು, ಕೆಳಗೆ ನಾಲ್ಕು ರಬ್ಬರ್ ಬಿಲ್ಲೆ ಕೊಡಿ. ಸಾವಿರಾರು ರೂಪಾಯಿಯ ಸ್ಟ್ಯಾಂಡು ಮಾಡುವ ಕೆಲಸದಲ್ಲಿ ಹೆಚ್ಚಿನದನ್ನು ಇದು ಮಾಡುತ್ತದೆ. ಗಾರೆ ಕೆಲಸದವರ ಲೆವೆಲ್ ಇಟ್ಟು ಮಟ್ಟ ನೋಡಿ. ವಾರೆಯಾಗಿದ್ದರೆ ಮುಳ್ಳು ಒಂದು ಗೋಡೆಯ ಮೇಲೆ ಜಾಸ್ತಿ ಒರಗುತ್ತದೆ. ಬಿಸಿಲು ಬೀಳುವ ಕಿಟಕಿ ಪಕ್ಕ ಬೇಡ. ಗಣೇಶನ ಹಬ್ಬದಲ್ಲಿ ಬೀದಿ ಕೊನೆಯ ಪೆಂಡಾಲಿನವರು ಬೇಸ್ ಏರಿಸಿದಾಗ ಕಿಟಕಿ ಗಾಜು ಅದುರುತ್ತದೆ ಅಲ್ವಾ, ಆ ಹತ್ತು ದಿನ ಕಡಪ ಕಲ್ಲೂ ಕೈಚೆಲ್ಲುತ್ತದೆ.

ಮುಳ್ಳು ಕೂರಿಸುವುದು

ಇದೇ ಮುಖ್ಯ ಕೆಲಸ. ಸಮಾಧಾನ ಇರುವ ದಿನ, ಬೆಳಕು ಚೆನ್ನಾಗಿರುವ ಕಡೆ ಕೂತು ಮಾಡಿ.

ಹೊಸ ಕಾರ್ಟ್ರಿಜ್ ಹಾಕುತ್ತಿದ್ದರೆ ಮೊದಲು ವೈರು. ಆರ್ಮಿನ ತುದಿಯ ಹೆಡ್‌ಶೆಲ್‌ನಲ್ಲಿ ನಾಲ್ಕು ಬಣ್ಣದ ಕೂದಲೆಳೆ ವೈರು ಇರುತ್ತವೆ. ಬಿಳಿ ಎಡಗಡೆಯ ಪ್ಲಸ್, ನೀಲಿ ಎಡಗಡೆಯ ಮೈನಸ್. ಕೆಂಪು ಬಲಗಡೆಯ ಪ್ಲಸ್, ಹಸಿರು ಬಲಗಡೆಯ ಮೈನಸ್. ಕಾರ್ಟ್ರಿಜ್ ಹಿಂದೆ ಇರುವ ಗುರುತಿಗೆ ಹೊಂದಿಸಿ, ವೈರನ್ನು ಹಿಡಿದು ಎಳೆಯದೆ ಅದರ ತುದಿಯ ಕ್ಲಿಪ್ಪನ್ನು ಚಿಮುಟದಲ್ಲಿ ಹಿಡಿದು ಸಿಕ್ಕಿಸಿ. ಹೆಚ್ಚಿನ ಕಾರ್ಟ್ರಿಜ್‌ಗಳ ಎರಡು ತಿರುಪಿನ ನಡುವೆ 12.7 ಮಿ.ಮೀ. ಅಂತರ, ಕಂಪನಿ ಯಾವುದಾದರೂ ಕೂರುತ್ತದೆ.

ಆಮೇಲೆ ತೂಕ. ಪ್ರತಿ ಕಾರ್ಟ್ರಿಜ್‌ಗೂ ಮುಳ್ಳು ಎಷ್ಟು ಗ್ರಾಂ ಒತ್ತಬೇಕು ಅಂತ ಕಂಪನಿ ಹೇಳಿರುತ್ತದೆ. ಆಡಿಯೊ-ಟೆಕ್ನಿಕಾ ವಿಎಂ95ಇ ಆದರೆ 2 ಗ್ರಾಂ. ಆರ್ಟೊಫಾನ್ 2ಎಂ ರೆಡ್ ಆದರೆ 1.8 ಗ್ರಾಂ. ಹಿಂದಿನ ಗುಂಡನ್ನು ತಿರುಗಿಸುತ್ತಾ ಹೋಗಿ. ಆರ್ಮ್ ಮೇಲೂ ಹೋಗದೆ ಕೆಳಗೂ ಬೀಳದೆ ಗಾಳಿಯಲ್ಲಿ ತೇಲುವ ಒಂದು ಜಾಗ ಬರುತ್ತದೆ. ಅದು ಸೊನ್ನೆ. ಗುಂಡಿನ ಮುಂದಿರುವ ಅಂಕೆಯ ಬಳೆಯನ್ನು ಸೊನ್ನೆಗೆ ತಂದು, ಈಗ ಗುಂಡು ಬಳೆ ಎರಡನ್ನೂ ಒಟ್ಟಿಗೆ ಬೇಕಾದ ಗ್ರಾಮಿಗೆ ತಿರುಗಿಸಿ. ಇದನ್ನು ಮಾಡುವಾಗ ಆ್ಯಂಟಿ ಸ್ಕೇಟ್ ಅನ್ನುವ ಗುಂಡಿ ಸೊನ್ನೆಯಲ್ಲಿರಲಿ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು, ಹಳೇ ಪ್ಲೇಯರಿನ ಅಂಕೆಗಳು ನಿಜ ಹೇಳುತ್ತವೆ ಅನ್ನುವ ಖಾತ್ರಿ ಇಲ್ಲ.

ಇಲ್ಲಿ ಎಲ್ಲರೂ ಜಾರಿ ಬೀಳುವ ಒಂದು ಜಾಗ ಇದೆ. ‘ಹಗುರ ಇದ್ದಷ್ಟೂ ರೆಕಾರ್ಡ್ ಸವೆಯುವುದಿಲ್ಲ’ ಅಂತ ಕೆಲವರು ತೂಕ ಇಳಿಸಿ ಇಡುತ್ತಾರೆ. ಆಗುವುದು ತದ್ವಿರುದ್ಧ. ಖಾಲಿ ಆಟೋ ಜೋರಾಗಿ ಹಂಪ್ ಹತ್ತಿದರೆ ಚಕ್ರ ನೆಲ ಬಿಟ್ಟು ಮೇಲೆ ಹಾರಿ ದಡಕ್ಕಂತ ಬೀಳುತ್ತದೆ, ಮೂರು ಜನ ಕೂತಿದ್ದರೆ ನೆಲಕ್ಕೆ ಕಚ್ಚಿಕೊಂಡು ಹೋಗುತ್ತದೆ. ಹಗುರ ಮುಳ್ಳೂ ಹಾಗೇ, ಗೆರೆಯ ಜೋರು ತಿರುವುಗಳಲ್ಲಿ ಗೋಡೆ ಬಿಟ್ಟು ಹಾರಿ ಮತ್ತೆ ಗೋಡೆಗೆ ಬಡಿಯುತ್ತದೆ. ಆ ಬಡಿತ ಗೋಡೆಯಲ್ಲಿ ಗಾಯ ಮಾಡುತ್ತದೆ, ಗಾಯ ಮುಂದೆ ಪ್ರತಿ ಸಲವೂ ಕೇಳುತ್ತದೆ. ಕಂಪನಿ ಒಂದು ಮಿತಿ ಹೇಳಿದ್ದರೆ, ಉದಾಹರಣೆಗೆ 1.8ರಿಂದ 2.2, ಅದರ ನಟ್ಟನಡುವೆಯೋ, ಮಿತಿ ದಾಟದೆ ನಡುವಿಗಿಂತ ತುಸು ಮೇಲೆಯೋ ಇರಲಿ.

ಇನ್ನು ಆ್ಯಂಟಿ ಸ್ಕೇಟ್. ತಟ್ಟೆ ತಿರುಗುವಾಗ ಮುಳ್ಳನ್ನು ಸುಮ್ನೆ ಒಳಗಡೆಗೆ ಎಳೆಯುವ ಒಂದು ಬಲ ಹುಟ್ಟುತ್ತದೆ, ಆರ್ಮಿನ ತುದಿ ಬಾಗಿರುವುದೇ ಅದಕ್ಕೆ ಕಾರಣ. ಅದನ್ನು ಸರಿದೂಗಿಸಲು ಹೊರಗಡೆಗೆ ಅಷ್ಟೇ ಎಳೆಯುವ ಸ್ಪ್ರಿಂಗೋ ಚಿಕ್ಕ ತೂಕವೋ ಇರುತ್ತದೆ. ಮುಳ್ಳಿನ ತೂಕ 2 ಆದರೆ ಇದನ್ನೂ 2ಕ್ಕೆ ಇಡಿ. ಶುರುವಿಗೆ ಅಷ್ಟು ಸಾಕು.

ಕೊನೆಯದು ಕೋನ. ರೆಕಾರ್ಡ್ ಮಾಡುವಾಗ ಕೊರೆಯುವ ಮುಳ್ಳು ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸರಿಯುತ್ತದೆ. ನಮ್ಮ ಆರ್ಮ್ ಒಂದು ಬುಡದ ಮೇಲೆ ನಿಂತಿರುವುದರಿಂದ ಕಮಾನಾಗಿ ಸರಿಯುತ್ತದೆ. ಹಾಗಾಗಿ ಮುಳ್ಳು ಗೆರೆಗೆ ಪೂರ್ತಿ ನೇರವಾಗಿರುವುದು ಇಡೀ ರೆಕಾರ್ಡಿನಲ್ಲಿ ಎರಡೇ ಕಡೆ. ಹೆಚ್ಚು ಬಳಕೆಯಲ್ಲಿರುವ ಬೇರ್ವಾಲ್ಡ್ ಲೆಕ್ಕದಲ್ಲಿ ಆ ಎರಡು ಜಾಗ ನಡುವಿನಿಂದ 66 ಮತ್ತು ಸುಮಾರು 121 ಮಿ.ಮೀ. ದೂರದಲ್ಲಿವೆ. ಪ್ರೊಟ್ರ್ಯಾಕ್ಟರ್ ಅಂತ ಹುಡುಕಿದರೆ ಈ ಗುರುತುಗಳಿರುವ ಹಾಳೆ ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವಾಗ ಅಳತೆ ನೂರಕ್ಕೆ ನೂರು ಇರಲಿ ಅಂತ ಹೇಳಿ, ಮನೆಗೆ ಬಂದು ಸ್ಕೇಲಿನಲ್ಲಿ ಅಳೆದೂ ನೋಡಿ. ಹಾಳೆಯ ಎರಡೂ ಜಾಗದಲ್ಲಿ ಮುಳ್ಳಿನ ಕಡ್ಡಿ ಅಲ್ಲಿ ಅಚ್ಚಾಗಿರುವ ಗೆರೆಗಳ ಸಾಲಿಗೇ ಬರುವ ತನಕ ಕಾರ್ಟ್ರಿಜನ್ನು ಮುಂದೆ ಹಿಂದೆ ಮಾಡಿ ತಿರುಪು ಬಿಗಿ ಮಾಡಿ. ಬೇಸರ ಬರುವ ಕೆಲಸ, ನಿಜ. ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಕಾರ್ಟ್ರಿಜ್ ಮುಂದೆ ಹಿಂದೆ ಸರಿದರೆ ತೂಕ ಬದಲಾಗುತ್ತದೆ, ಹಾಗಾಗಿ ಇದಾದ ಮೇಲೆ ತೂಕ ಇನ್ನೊಂದು ಸಲ ನೋಡಿಬಿಡಿ.

ಸದ್ದು ಯಾಕೆ ಇಷ್ಟು ಸಣ್ಣಗೆ, ಇಷ್ಟು ತೆಳುವಾಗಿ?

ಪ್ಲೇಯರನ್ನು ನೇರವಾಗಿ ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ (ಸಿಡಿ ಪ್ಲೇಯರ್, ಫೋನು ಸಿಕ್ಕಿಸುವ ಕಿಂಡಿ) ಹಾಕಿದರೆ ಹೀಗಾಗುತ್ತದೆ. ನಡುವೆ ಫೋನೋ ಪ್ರೀಆಂಪ್ ಬೇಕು. ಅದು ಎರಡು ಕೆಲಸ ಮಾಡುತ್ತದೆ, ಒಂದು ಎಲ್ಲರಿಗೂ ಗೊತ್ತು: ಮಿಲಿವೋಲ್ಟನ್ನು ದೊಡ್ಡದು ಮಾಡುವುದು.

ಎರಡನೆಯದು ಸ್ವಲ್ಪ ಸೋಜಿಗದ್ದು. ಮೃದಂಗದ ಎಡಗಡೆ ಮುಖದಂಥ ದಪ್ಪ ನಾದಕ್ಕೆ ಗೆರೆ ತುಂಬ ಅಗಲಕ್ಕೆ ಅಲುಗಬೇಕು. ಇದ್ದಂತೆ ಕೊರೆದರೆ ಪಕ್ಕದ ಗೆರೆಗೆ ತಾಗುತ್ತದೆ, ಒಂದು ಬದಿಯಲ್ಲಿ ಹಿಡಿಸುವ ಹಾಡೂ ಕಡಿಮೆಯಾಗುತ್ತದೆ. ತಾಳದ ‘ಝಲ್’ನಂಥ ಸಣ್ಣ ನಾದಕ್ಕೆ ಅಲುಗಾಟ ಎಷ್ಟು ಚಿಕ್ಕದು ಅಂದರೆ ಮುಳ್ಳು ಉಜ್ಜುವ ಸದ್ದಿನಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೆ ರೆಕಾರ್ಡ್ ಕೊರೆಯುವಾಗಲೇ ದಪ್ಪ ನಾದವನ್ನು ತಗ್ಗಿಸಿ, ಸಣ್ಣ ನಾದವನ್ನು ಏರಿಸಿ ಬಿಡುತ್ತಾರೆ. ಎರಡು ತುದಿಗಳಲ್ಲಿ ಈ ಏರಿಳಿತ ಒಂಬತ್ತು ಹತ್ತು ಪಟ್ಟು ಇರುತ್ತದೆ. ಪ್ರೀಆಂಪ್ ಇದನ್ನು ಉಲ್ಟಾ ಮಾಡಿ ಮೊದಲಿದ್ದಂತೆ ತರುತ್ತದೆ. 1950ರ ದಶಕದ ನಡುವಿನ ಹೊತ್ತಿಗೆ ಕಂಪನಿಗಳೆಲ್ಲ ಒಂದೇ ಲೆಕ್ಕಕ್ಕೆ ಒಪ್ಪಿದವು, ಅದಕ್ಕೆ ಆರ್‌ಐಎಎ ಅಂತ ಹೆಸರು. ಈ ಉಲ್ಟಾ ಕೆಲಸ ಆಗದಿದ್ದರೆ ಬರುವುದೇ ಆ ತೆಳು, ಕೀರಲು ಸದ್ದು. ಬರೀ ವಾಲ್ಯೂಮ್ ಏರಿಸಿದರೆ ಅದು ಜೋರು ಕೀರಲು ಸದ್ದಾಗುತ್ತದೆ.

ಹಳೇ ಆಂಪ್ಲಿಫೈಯರುಗಳ ಹಿಂದೆ ಫೋನೋ ಅಂತ ಬರೆದ ಕಿಂಡಿ ಇದ್ದರೆ ಪ್ರೀಆಂಪ್ ಒಳಗೇ ಇದೆ ಅಂತ ಅರ್ಥ. ಈಚಿನ ಕೆಲವು ಪ್ಲೇಯರ್‌ಗಳಲ್ಲೂ ಒಳಗೇ ಇರುತ್ತದೆ, ಹಿಂದೆ ಫೋನೋ–ಲೈನ್ ಅಂತ ಒಂದು ಸ್ವಿಚ್ ಕೊಟ್ಟಿರುತ್ತಾರೆ. ಒಂದೇ ಕಡೆ ಪ್ರೀಆಂಪ್ ಇರಲಿ. ಎರಡೂ ಕಡೆ ಆದರೆ ಸದ್ದು ಒಡೆದು ಕಿವಿ ಹರಿಯುತ್ತದೆ. ಸೆರಾಮಿಕ್ ಕಾರ್ಟ್ರಿಜ್ ಇರುವ ಹಳೇ ಪ್ಲೇಯರನ್ನು ಫೋನೋ ಕಿಂಡಿಗೆ ಹಾಕಿದರೂ ಅದೇ ಗತಿ.

ಆ ಗುಂಯ್ ಎಲ್ಲಿಂದ ಬರುತ್ತದೆ

ಮನೆಯ ಕರೆಂಟಿನ 50 ಹರ್ಟ್ಸ್ ಎಲ್ಲ ಕಡೆ ತೇಲಾಡುತ್ತಿರುತ್ತದೆ, ಮೂರು ಮಿಲಿವೋಲ್ಟಿನ ವೈರಿಗೆ ಅದು ಅಂಟಿಕೊಳ್ಳುವುದು ಸುಲಭ. ಪ್ಲೇಯರಿನ ಹಿಂದೆ ಕೆಂಪು ಬಿಳಿ ವೈರುಗಳ ಜೊತೆ ಮೂರನೆಯ ತೆಳು ವೈರೊಂದು ಇರುತ್ತದೆ. ಎಷ್ಟೋ ಜನ ಅದನ್ನು ಯಾವುದಕ್ಕೋ ಏನೋ ಅಂತ ಸುತ್ತಿಟ್ಟುಬಿಡುತ್ತಾರೆ. ಅದೇ ಗ್ರೌಂಡ್ ವೈರು. ಆಂಪ್ಲಿಫೈಯರ್ ಅಥವಾ ಪ್ರೀಆಂಪ್ ಹಿಂದೆ ಇರುವ ಗ್ರೌಂಡ್ ತಿರುಪಿಗೆ ಬಿಗಿ ಮಾಡಿ. ಹತ್ತರಲ್ಲಿ ಎಂಟು ಸಲ ಸದ್ದು ಅಲ್ಲೇ ನಿಲ್ಲುತ್ತದೆ.

ನಿಲ್ಲದಿದ್ದರೆ ಪ್ಲೇಯರ್ ಪಕ್ಕದಲ್ಲಿರುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರನ್ನು ದೂರ ಸರಿಸಿ, ಸಿಗ್ನಲ್ ವೈರು ಮತ್ತು ಕರೆಂಟಿನ ವೈರನ್ನು ಒಟ್ಟಿಗೆ ಸುತ್ತಬೇಡಿ, ಫ್ಯಾನ್ ರೆಗ್ಯುಲೇಟರ್ ಆಫ್ ಮಾಡಿ ನೋಡಿ. ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಅರ್ಥಿಂಗೇ ಇಲ್ಲದಿರಬಹುದು. ಅದು ಹಾಡಿಗಿಂತ ಮೊದಲು ಮನೆಯವರ ಜೀವಕ್ಕೆ ಸಂಬಂಧಪಟ್ಟದ್ದು, ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ರೆಕಾರ್ಡು ತೊಳೆಯಬಹುದಾ?

ಎಲ್‌ಪಿ ಮತ್ತು 45ಗಳು (ನಿಮಿಷಕ್ಕೆ 45 ಸುತ್ತು ತಿರುಗುವ ರೆಕಾರ್ಡುಗಳು) ವಿನೈಲ್, ಅಂದರೆ ಪ್ಲಾಸ್ಟಿಕ್. ಧಾರಾಳವಾಗಿ ತೊಳೆಯಬಹುದು, ಲೇಬಲ್ ನೆನೆಯದಿದ್ದರೆ ಸರಿ. ಆದರೆ ಬೋರ್‌ವೆಲ್ ನೀರು ಬೇಡವೇ ಬೇಡ. ಒಣಗಿದ ಮೇಲೆ ಬಕೆಟ್ಟಿನ ಅಂಚಿನಲ್ಲಿ ಉಳಿಯುವ ಆ ಬಿಳಿ ಪದರ ಗೆರೆಯೊಳಗೂ ಉಳಿಯುತ್ತದೆ. ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಬಳಸಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಮೆತ್ತನೆಯ ಬಟ್ಟೆ ಅಥವಾ ಬ್ರಷ್, ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸುವುದು, ಆಮೇಲೆ ಬರೀ ಡಿಸ್ಟಿಲ್ಡ್ ನೀರು, ನೆರಳಿನಲ್ಲಿ ಒಣಗಿಸುವುದು. ದಿನಾ ಹಾಕುವ ಮುಂಚೆ ಕಾರ್ಬನ್ ಫೈಬರ್ ಬ್ರಷ್‌ನಿಂದ ಧೂಳು ತೆಗೆದರೆ ಸಾಕು.

ನಿಲ್ಲಿಸಿ ಇಡಿ, ಒಂದರ ಮೇಲೊಂದು ಮಲಗಿಸಬೇಡಿ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿದರೆ ಕವರಿಗೆ ಬೂಷ್ಟು ಹಿಡಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋದರೆ ಸೊಟ್ಟಗಾದ ರೆಕಾರ್ಡ್ ಸಿಗುತ್ತದೆ.

78 ಬೇರೆಯೇ ಜಾತಿ

ಅಟ್ಟದ ಕಟ್ಟಿನಲ್ಲಿ ಭಾರವಾದ, ಬೀಳಿಸಿದರೆ ಒಡೆಯುವ ರೆಕಾರ್ಡುಗಳಿದ್ದರೆ ಅವು 78, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಎಲ್‌ಪಿಯನ್ನು ಅಮೆರಿಕದ ಕೊಲಂಬಿಯಾ 1948ರಲ್ಲಿ ತಂದಿತು, 45 ಬಂದದ್ದು 1949ರಲ್ಲಿ. ಅದಕ್ಕೆ ಮುಂಚೆ ಎಲ್ಲವೂ ಇದೇ. ನಮ್ಮಲ್ಲಿ 1960ರ ದಶಕದಲ್ಲೂ 78 ತಯಾರಾಗುತ್ತಿದ್ದವು. ಭಾರತದ ಮೊದಲ ರೆಕಾರ್ಡಿಂಗ್‌ಗಳಲ್ಲಿ, 1902ರಲ್ಲಿ, ಹಾಡಿದ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ಬೆಂಗಳೂರು ನಾಗರತ್ನಮ್ಮನವರ ದನಿ ಉಳಿದಿರುವುದೂ ಇಂಥ ತಟ್ಟೆಗಳಲ್ಲೇ.

ಇವು ಅರಗು ಮತ್ತು ಕಲ್ಲಿನ ಪುಡಿ ಸೇರಿಸಿ ಮಾಡಿದವು. ಸ್ಪಿರಿಟ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿದರೆ ಅರಗು ಕರಗುತ್ತದೆ, ಹಾಡೂ ಹೋಗುತ್ತದೆ. ಗೆರೆ ಎಲ್‌ಪಿಗಿಂತ ಮೂರು ನಾಲ್ಕು ಪಟ್ಟು ಅಗಲ. ಎಲ್‌ಪಿ ಮುಳ್ಳು ಇಳಿಸಿದರೆ ಅದು ಗೆರೆಯ ತಳಕ್ಕೆ ಬಿದ್ದು ಅಲ್ಲಿನ ಕಸವನ್ನೆಲ್ಲ ಕೆರೆಯುತ್ತದೆ, ತಾನೂ ಹಾಳಾಗುತ್ತದೆ. ಬೇರೆ ದಪ್ಪ ಮುಳ್ಳು ಬೇಕು, 78ರ ವೇಗ ಇರುವ ಪ್ಲೇಯರೂ ಬೇಕು. ಈಗಿನ ಹೆಚ್ಚಿನವುಗಳಲ್ಲಿ 33 ಮತ್ತು 45 ಮಾತ್ರ ಇರುತ್ತದೆ.

ಕೇಳುವಾಗ, ಕೊಳ್ಳುವಾಗ

ಜೋಡಣೆ ಸರಿಯಾಗಿದೆಯೇ ಅಂತ ನೋಡಲು ಒಂದು ಬದಿಯ ಕೊನೆಯ ಹಾಡು ಕೇಳಿ, ಮೊದಲನೆಯದಲ್ಲ. ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡುತ್ತದೆ, ಲೇಬಲ್ ಹತ್ತಿರ ಬರುವ ಹೊತ್ತಿಗೆ 20 ಚಿಲ್ಲರೆ ಸೆಂ.ಮೀ. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಎಸ್. ಜಾನಕಿಯವರ ‘ಸ’, ‘ಶ’ಗಳು ಅಲ್ಲಿ ‘ಷ್ಷ್’ ಅಂತ ಉಗುಳಿದರೆ ಕೋನವೋ ತೂಕವೋ ಸರಿ ಇಲ್ಲ, ಇಲ್ಲವೇ ಮುಳ್ಳು ಸವೆದಿದೆ. ಎಲ್ಲ ರೆಕಾರ್ಡಿನಲ್ಲೂ ಹೀಗಾದರೆ ತಪ್ಪು ನಿಮ್ಮ ಪ್ಲೇಯರಿನದ್ದು, ಒಂದರಲ್ಲಿ ಮಾತ್ರ ಆದರೆ ರೆಕಾರ್ಡಿನದ್ದು.

ಕನ್ನಡದಲ್ಲಿ ಹೆಚ್ಚಾಗಿ ಕೈಗೆ ಸಿಗುವುದು ಸಿನಿಮಾ ಹಾಡುಗಳ 7 ಇಂಚಿನ ಇಪಿಗಳು, ಸಾಮಾನ್ಯವಾಗಿ ನಾಲ್ಕು ಹಾಡಿನವು. ಇವನ್ನು ಆ ಕಾಲದಲ್ಲಿ ಮನೆಯವರೆಲ್ಲ ಸೇರಿ ಭಾರವಾದ ಮುಳ್ಳಿನಲ್ಲಿ ತಿರುಗಾ ಮುರುಗಾ ಹಾಕಿ ಕೇಳಿದ್ದಾರೆ. ರಾಜ್‌ಕುಮಾರ್ ಚಿತ್ರಗಳವಂತೂ ಕೇಳುವುದೇ ಬೇಡ. ಕೊಳ್ಳುವಾಗ ಬೆಳಕಿಗೆ ವಾರೆ ಹಿಡಿದು ನೋಡಿ. ಉಗುರಿಗೆ ಸಿಗದ ತೆಳು ಗೀರುಗಳು ಅಷ್ಟಾಗಿ ಕಾಡುವುದಿಲ್ಲ, ಒಂದೆರಡು ‘ಟಿಕ್’ ಅನ್ನಬಹುದು. ಭಯ ಪಡಬೇಕಾದ್ದು ಗೀರಿಲ್ಲದೆಯೂ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿದ ರೆಕಾರ್ಡಿಗೆ. ಅದರ ಗೋಡೆಗಳೇ ಸವೆದಿವೆ, ಎಷ್ಟು ತೊಳೆದರೂ ಹಾಡು ವಾಪಸ್ ಬರುವುದಿಲ್ಲ. ಹಳೇ ರೆಕಾರ್ಡಿನ ಬೆಲೆ ಕವರಿನ ಚಿತ್ರ ನೋಡಿ ಏರುವುದೂ ಉಂಟು. ಗೋಡೆಗೆ ನೇತು ಹಾಕುವವರಿಗೆ ಕವರು ಬೇಕು, ಕೇಳುವವರು ಕವರ್ ಹರಿದು ತಟ್ಟೆ ಹೊಳೆಯುತ್ತಿರುವುದನ್ನು ಹುಡುಕಿದರೆ ಅರ್ಧ ಬೆಲೆಗೆ ಒಳ್ಳೇ ಹಾಡು ಸಿಗುತ್ತದೆ.